ಸುದ್ದಿ ಕೇಳಿದವನ ಕೆಲಸ

ಸುದ್ದಿ ಕಿವಿಗೆ ಬಿದ್ದ ಮೇಲೆ ಕೇಳಿದವನ ತಲೆ ಮೇಲೆ ಒಂದು ಕೆಲಸ ಬೀಳುತ್ತದೆ ಅನ್ನೋದು ನಮ್ಮ ಹಿರಿಯರ ಲೆಕ್ಕ. ಮನೆಮನೆಗೂ ಟಿ.ವಿ. ಬಂದ ಮೇಲೆ ಈ ಲೆಕ್ಕ ಎಲ್ಲೋ ತಪ್ಪಿದೆ ಅಂತ ನನಗೆ ಅನ್ನಿಸುತ್ತದೆ. ಟಿ.ವಿ. ಕೆಟ್ಟದ್ದು ಅಂತ ಬೈಯೋದಕ್ಕೆ ಇದನ್ನು ಬರೆಯುತ್ತಿಲ್ಲ. ಬೈಯೋದು ಸುಲಭ, ಬೈದು ಮತ್ತೆ ಅದರ ಮುಂದೇ ಕೂರೋದು ಇನ್ನೂ ಸುಲಭ. ದೂರದವರ ಕಷ್ಟ ನಮ್ಮ ಕಣ್ಣಿಗೆ ಕಂಡಾಗ ನಾವು ಏನು ಮಾಡಬೇಕು? ಕಂಡದ್ದಕ್ಕೆಲ್ಲ ನಾವು ಬಾಧ್ಯರೋ, ಇಲ್ಲ ನೋಡಿ ಸುಮ್ಮನಿರಬಹುದೋ? ಇದು ನನ್ನ ಪ್ರಶ್ನೆ.

ಹಿಂದೆ ನಮ್ಮ ರಾಯದುರ್ಗ, ಮಡಕಶಿರಾ ಕಡೆಯ ಊರುಗಳಿಗೆ ಸುದ್ದಿ ಹೇಗೆ ಬರುತ್ತಿತ್ತು ನೆನೆಸಿಕೊಳ್ಳಿ. ಪಕ್ಕದೂರಲ್ಲಿ ನೆಂಟರು ತೀರಿಕೊಂಡರೆ ಒಬ್ಬ ಆಳು ನಡೆದುಕೊಂಡು ಬರುತ್ತಿದ್ದ. ಬಾಗಿಲಲ್ಲೇ ನಿಂತು ಹೇಳುತ್ತಿದ್ದ. ಕೇಳಿದವರು ಒಲೆ ಮೇಲಿನ ಸಾರು ಇಳಿಸಿ, ದನಗಳಿಗೆ ಮೇವು ಹಾಕಿ, ಇಲ್ಲವೇ ಪಕ್ಕದ ಮನೆಯವರಿಗೆ ಹಾಕಲು ಹೇಳಿ ಹೊರಟುಬಿಡುತ್ತಿದ್ದರು. ಅಲ್ಲಿ ಗುಣಿ ತೋಡೋರು ಬೇಕು, ಸೌದೆ ಹೊಂದಿಸೋರು ಬೇಕು, ಅಳೋರ ಪಕ್ಕ ಕೂರೋರು ಬೇಕು. ಊರಲ್ಲಿ ಡಂಗೂರ ಹಾಕಿದರೂ ಹಾಗೇ. ಕೆರೆ ಏರಿಯಲ್ಲಿ ನೀರು ಜಿನುಗುತ್ತಿದೆ, ಮನೆಗೊಬ್ಬ ಆಳು ಸಲಿಕೆ ಹಿಡಿದು ಬರಬೇಕು ಅಂತ ಕೂಗಿದರೆ ಅದು ಬರೀ ಸುದ್ದಿ ಅಲ್ಲ, ಕರೆ. ಕಾಗದ ಬಂದರೆ ಉತ್ತರ ಬರೆಸಬೇಕಿತ್ತು. ಕೈಗೆ ಕೆಲಸ ಹಚ್ಚದ ಸುದ್ದಿಗೆ ನಮ್ಮವರು ಸುದ್ದಿ ಅಂತಿರಲಿಲ್ಲ, ಹರಟೆ ಅಂತಿದ್ದರು.

ಈಗ ಸಂಜೆ ದೇವರ ದೀಪ ಹಚ್ಚಿ ಟಿ.ವಿ. ಹಾಕಿದರೆ ಅರ್ಧ ಗಂಟೆಯಲ್ಲಿ ಐವತ್ತು ಸುದ್ದಿ. ಎಲ್ಲೋ ಬಸ್ಸು ಉರುಳಿತು, ಎಲ್ಲೋ ಯುದ್ಧ, ಯಾರದೋ ಮದುವೆ, ನಡುವೆ ಸೋಪಿನ ಜಾಹೀರಾತು. ಯಾವುದಕ್ಕೂ ಕೂತಲ್ಲಿಂದ ಏಳಬೇಕಾಗಿಲ್ಲ. "ಅಯ್ಯೋ ಪಾಪ" ಅಂದರೆ ಮುಗೀತು. ಅದನ್ನೂ ಪೂರ್ತಿ ಅನ್ನೋದಕ್ಕೆ ಬಿಡೋದಿಲ್ಲ, ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಒಂದು ದಿನದ ಲೆಕ್ಕ ಹೇಳುತ್ತೇನೆ. 2021ನೇ ಇಸವಿ ನವೆಂಬರ್ 19, ಶುಕ್ರವಾರ, ಕಾರ್ತಿಕ ಹುಣ್ಣಿಮೆ. ಬೆಳಿಗ್ಗೆ ಟಿ.ವಿ. ಹಾಕಿದವರಿಗೆ ಪ್ರಧಾನಿ ನರೇಂದ್ರ ಮೋದಿಯವರು ಮೂರು ಕೃಷಿ ಕಾನೂನು ವಾಪಸು ತಗೋತೀವಿ ಅಂತ ಹೇಳಿದ್ದು ಕಾಣಿಸಿತು. ದೆಹಲಿ ಗಡಿಯಲ್ಲಿ ಪಂಜಾಬು, ಹರಿಯಾಣದ ರೈತರು ಚಳಿ ಬಿಸಿಲೆನ್ನದೆ ಹತ್ತಿರ ಹತ್ತಿರ ಒಂದು ವರ್ಷ ಕೂತಿದ್ದರು. ಅದೇ ದಿನ ಚಂದ್ರಗ್ರಹಣ. ನಮ್ಮ ಸೀಮೆಗೆ ಕಾಣಿಸದ ಗ್ರಹಣ, ಆದರೂ ಯಾವ ರಾಶಿಯವರಿಗೆ ಏನು ಕೇಡು ಅನ್ನೋ ಮಾತಿಗೆ ಬರ ಇರಲಿಲ್ಲ. ಅದೇ ದಿನ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ಹೊಳೆ ತುಂಬಿ ಅನ್ನಮಯ್ಯ ಅಣೆಕಟ್ಟು ಒಡೆದು, ಕೆಳಗಿನ ಹಳ್ಳಿಗಳು ಕೊಚ್ಚಿಹೋದವು. ಅದೇ ದಿನ ನಮ್ಮ ಅನಂತಪುರ ಜಿಲ್ಲೆಯಲ್ಲೇ ಚಿತ್ರಾವತಿ ಹೊಳೆಯ ನಡುನೀರಿನಲ್ಲಿ ಜನ ಸಿಕ್ಕಿಕೊಂಡರು. ವಾಯುಸೇನೆಯ ಹೆಲಿಕಾಪ್ಟರು ಬಂದು ಹತ್ತು ಜನರನ್ನು ಮೇಲೆತ್ತಿತು. ಮಾರನೇ ದಿನ ಬೆಳಗಾಗೋದಕ್ಕೆ ಮುಂಚೆ ಕದಿರಿಯಲ್ಲಿ ಮಳೆಗೆ ಕಟ್ಟಡ ಕುಸಿದು ಮಕ್ಕಳೂ ಸತ್ತರು.

ಆ ವಾರ ನಮ್ಮ ಹೊಲಗಳಲ್ಲಿ ಏನಿತ್ತು? ಕಡಲೆಕಾಯಿ ಕಿತ್ತು ಒಣಗಲು ಬಿಟ್ಟವರ ಬಳ್ಳಿ ನೀರಲ್ಲಿ ನಿಂತು ಕಪ್ಪಗಾಗಿತ್ತು, ಕಾಯಿ ಮೊಳಕೆ ಒಡೆದಿತ್ತು. ರಾಗಿ ತೆನೆ ನೆಲಕ್ಕೆ ಮಲಗಿತ್ತು. ಆದರೆ ಕಟ್ಟೆ ಮೇಲೆ ಆ ಮಾತು ಕಮ್ಮಿ. ಕಾನೂನು ವಾಪಸು ತಗೊಂಡದ್ದು ಸರಿಯೋ ತಪ್ಪೋ ಅಂತ ಟಿ.ವಿ.ಯಲ್ಲಿ ನಾಲ್ಕು ಜನ ಕೂಗಾಡಿದರು, ಕಟ್ಟೆ ಮೇಲೆ ಎಂಟು ಜನ ಕೂಗಾಡಿದರು. ವಾದ ಮಾಡಬಾರದು ಅಂತಲ್ಲ, ಅದು ರೈತರ ವಿಷಯವೇ, ನಾವು ರೈತರೇ. ಆದರೆ ಆ ಎಂಟು ಜನರಲ್ಲಿ ಒಬ್ಬನಾದರೂ "ನಿನ್ನ ಬಳ್ಳಿ ಎಷ್ಟು ಉಳೀತಪ್ಪಾ, ಒಣಗಿಸೋದಕ್ಕೆ ನಮ್ಮ ಬಂಡೆ ಮೇಲೆ ಹಾಕ್ಕೋ" ಅಂತ ಅಂದನೇ?

ಮಡಕಶಿರಾ ಕಡೆಯ ಒಂದು ಊರಲ್ಲಿ ಆ ಮಳೆಗೆ ಒಬ್ಬ ಅಜ್ಜಿಯ ಮಣ್ಣಿನ ಮಾಳಿಗೆ ಮನೆಯ ಗೋಡೆ ಬಿತ್ತು. ರಾತ್ರಿ ಹೊತ್ತು. ಬೀದಿಯವರೆಲ್ಲ ಹೆಲಿಕಾಪ್ಟರಿನ ಚಿತ್ರ ಮತ್ತೆ ಮತ್ತೆ ತೋರಿಸುತ್ತಿದ್ದದ್ದನ್ನು ನೋಡುತ್ತಿದ್ದರು. ಅಜ್ಜಿ ಒಂದು ಮೂಲೆಯಲ್ಲಿ ಗೋಣಿಚೀಲ ಹೊದ್ದು ಬೆಳಗಿನವರೆಗೂ ಕೂತಿದ್ದಳು. ಬೆಳಿಗ್ಗೆ ಬಂದು "ಅಯ್ಯೋ" ಅಂದವರಿಗೆ ಅವಳು ಅಂದಳಂತೆ: "ಅಲ್ಲಪ್ಪಾ, ಹೊಳೆಯಾಗ ಬಿದ್ದೋರನ್ನ ಎತ್ತಿದ್ದು ಕಾಣಿಸ್ತಂತೆ. ನನ್ನ ಗೋಡೆ ಬಿದ್ದ ಸದ್ದು ಕೇಳಿಸ್ಲಿಲ್ವಾ?" ಆ ಬೀದಿಯವರು ಕಟುಕರಲ್ಲ. ಗೊತ್ತಾದ ಮೇಲೆ ತಗಡು ತಂದು ಹಾಕಿಕೊಟ್ಟರು, ಅನ್ನ ಸಾರು ಕೊಟ್ಟರು. ಅವರ ಮನಸ್ಸಿನಲ್ಲಿ ಕರುಣೆ ಇತ್ತು. ಆದರೆ ಆ ರಾತ್ರಿಯ ಕರುಣೆಯೆಲ್ಲ ಟಿ.ವಿ. ಮುಂದೇ ಖರ್ಚಾಗಿಹೋಗಿತ್ತು.

ಇಲ್ಲಿ ಒಂದು ಮಾತು ಗಮನಿಸಬೇಕು. ಚಿತ್ರಾವತಿಯಲ್ಲಿ ಸಿಕ್ಕಿಕೊಂಡ ಹತ್ತು ಜನರೂ ಮೊದಲೇ ನೀರಿಗೆ ಬಿದ್ದವರಲ್ಲ. ಕಾರಿನಲ್ಲಿದ್ದವರು ಕೊಚ್ಚಿಹೋಗುತ್ತಿದ್ದಾರೆ ಅಂತ ಕಂಡು, ಜೆ.ಸಿ.ಬಿ. ಹತ್ತಿ ಕಾಪಾಡಲು ಹೋದವರೂ ಅದರಲ್ಲಿದ್ದರು. ಅವರೂ ಕಂಡವರೇ, ನಾವೂ ಕಂಡವರೇ. ಅವರು ಕಂಡ ತಕ್ಷಣ ನೀರಿಗೆ ಇಳಿದರು. ನಾವು ಅವರನ್ನು ಮೆಚ್ಚಿಕೊಂಡೆವು. ಮೆಚ್ಚಿಕೊಂಡ ಮಾತ್ರಕ್ಕೆ ನಾವೂ ಅವರ ಜೊತೆ ಇಳಿದ ಹಾಗೆ ಅನ್ನಿಸಿಬಿಡುತ್ತದಲ್ಲ, ಅಲ್ಲೇ ಮೋಸ ಇರೋದು.

ನಾನು ಪದ ಹೇಳುವವನು, ಆ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಕಥೆ ಹೇಳುವಾಗ ಎದುರಿಗೆ ಹೂಂಗುಟ್ಟುವವನು ಒಬ್ಬ ಇರಬೇಕು. ಭಜನೆಯಲ್ಲಿ ಸೊಲ್ಲು ಎತ್ತಿ ಹೇಳೋರು ಇರಬೇಕು. ಹೂಂಗುಟ್ಟುವವನು ನಿದ್ದೆ ಹೋದರೆ ಕಥೆ ನಿಲ್ಲುತ್ತದೆ. ಅಂದರೆ ಕೇಳುವವನಿಗೂ ಅರ್ಧ ಹೊರೆ ಉಂಟು. ಟಿ.ವಿ.ಗೆ ನಮ್ಮ ಹೂಂ ಬೇಕಾಗಿಲ್ಲ. ನಾವು ಅತ್ತರೂ ಸೈ, ಉಣ್ಣುತ್ತಿದ್ದರೂ ಸೈ, ಗೊರಕೆ ಹೊಡೆದರೂ ಸೈ, ಅದರ ಪಾಡಿಗೆ ಅದು ಹೇಳುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ, ಎದುರಿಗೆ ಮನುಷ್ಯನೇ ಬಂದು ಕಷ್ಟ ಹೇಳಿಕೊಂಡರೂ ಅದೇ ರೀತಿ ಕೇಳೋದು ನಮಗೆ ರೂಢಿಯಾಗುತ್ತಿದೆ. ಇದು ನನ್ನ ಭಯ.

ಹಾಗಾದರೆ ದೂರದವರಿಗಾಗಿ ಅಳೋದೆಲ್ಲ ಸುಳ್ಳೇ? ಅಲ್ಲ. ಆ ಹುಣ್ಣಿಮೆಗೆ ಸರಿಯಾಗಿ ಮೂರು ವಾರ ಮುಂಚೆ, ಅಕ್ಟೋಬರ್ 29ರ ಶುಕ್ರವಾರ, ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಬರೀ 46 ವರ್ಷ. ಭಾನುವಾರ ಮಣ್ಣು ಮಾಡುವವರೆಗೂ ಟಿ.ವಿ.ಯಲ್ಲಿ ಅದೇ. ದೀಪಾವಳಿಗೆ ಒಂದು ವಾರ ಇತ್ತು, ಎಷ್ಟೋ ಮನೆಗಳಲ್ಲಿ ಒಬ್ಬಟ್ಟು ಬೇಯಿಸೋ ಮನಸ್ಸಿರಲಿಲ್ಲ. ಅವರನ್ನು ಎದುರಿಗೆ ಒಂದು ಸಲವೂ ಕಾಣದ ಹೆಂಗಸರು ಮನೆ ಮಗ ಹೋದಂತೆ ಅತ್ತರು. ಆ ಅಳು ಸುಳ್ಳಲ್ಲ. ಯಾಕೆ ಸುಳ್ಳಲ್ಲ ಅಂದರೆ ಅದರ ಹಿಂದೆ ಒಂದು ಕೆಲಸ ಬಂತು. ತಂದೆ ರಾಜ್‌ಕುಮಾರ್ ಹಾಗೇ ಪುನೀತರ ಕಣ್ಣುಗಳನ್ನೂ ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಆ ಸುದ್ದಿ ನೋಡಿ ಸಾವಿರಾರು ಜನ ತಮ್ಮ ಕಣ್ಣು ಕೊಡೋದಕ್ಕೆ ಹೆಸರು ಬರೆಸಿದರು. ಸುದ್ದಿ ಕೇಳಿ ಒಂದು ಕೆಲಸಕ್ಕೆ ಎದ್ದರು ಅಂದರೆ ಇದು. ನೂರು ಮೈಲಿ ದೂರದ ಸುದ್ದಿಯಾದರೂ ಅದು ಬಾಗಿಲಲ್ಲಿ ನಿಂತು ಹೇಳಿದ ಸುದ್ದಿಯಂತೆಯೇ ಆಯಿತು.

ಟಿ.ವಿ. ಮಾಡಿದ ಇನ್ನೊಂದು ಒಳ್ಳೆಯ ಕೆಲಸವನ್ನೂ ಹೇಳದಿದ್ದರೆ ಅನ್ಯಾಯ. ಹಿಂದೆ ಸಾವಿನ ಸುದ್ದಿ ತಂದವನು ಬಾಗಿಲಲ್ಲೇ ನಿಲ್ಲುತ್ತಿದ್ದ ಅಂದೆನಲ್ಲ, ಯಾಕೆ ನಿಲ್ಲುತ್ತಿದ್ದ? ಎಷ್ಟೋ ಸಲ ಅವನು ಕೇರಿಯವನು, ಒಳಕ್ಕೆ ಕರೆಯುತ್ತಿರಲಿಲ್ಲ. ಸುದ್ದಿ ಹೊರೋ ಕೆಲಸ, ತಮಟೆ ಬಡಿಯೋ ಕೆಲಸ, ಗುಣಿ ತೋಡೋ ಕೆಲಸ ಅವನ ತಲೆಗೆ ಕಟ್ಟಿದ್ದರು. ಅವನ ಮನೆಯಲ್ಲೇ ಸಾವಾದರೆ ಊರೊಳಗಿನಿಂದ ಎಷ್ಟು ಜನ ಹೋಗುತ್ತಿದ್ದರು? ಹಿಂದಿನದೆಲ್ಲ ಚಿನ್ನ ಅನ್ನೋರು ಇದಕ್ಕೆ ಉತ್ತರ ಹೇಳಬೇಕು. ಹತ್ತಿರ ಇದ್ದ ಮಾತ್ರಕ್ಕೆ ಕಷ್ಟ ಕಾಣಿಸುತ್ತದೆ ಅಂತಲ್ಲ, ನೋಡಬಾರದು ಅಂತ ಕಣ್ಣಿಗೆ ಪರದೆ ಕಟ್ಟಿಕೊಂಡಿದ್ದೆವು. ಟಿ.ವಿ. ಊರಿಗೂ ಕೇರಿಗೂ ಒಂದೇ ಸುದ್ದಿ ಹೇಳಿತು. ಚೆಯ್ಯೇರಿನಲ್ಲಿ ಕೊಚ್ಚಿಹೋದವರ ಜಾತಿ ಯಾವುದು ಅಂತ ಯಾರೂ ಕೇಳದೆ ಮರುಗಿದರು. ಆದ್ದರಿಂದ ಟಿ.ವಿ. ಒಡೆದುಹಾಕಿ ಹಳೇ ಕಾಲಕ್ಕೆ ಹೋಗೋಣ ಅಂತ ನಾನು ಹೇಳೋದಿಲ್ಲ. ದೂರದವರಿಗೆ ಮರುಗುವಾಗ ಕೇಳದ ಜಾತಿಯನ್ನು ಪಕ್ಕದ ಬೀದಿಗೆ ಹೋಗುವಾಗಲೂ ಕೇಳಬಾರದು ಅಂತ ಹೇಳುತ್ತೇನೆ.

ನಮ್ಮಂಥ ಗಡಿಯವರಿಗೆ ಈ ಪ್ರಶ್ನೆ ಇನ್ನೂ ಬಿಗಿ. 1953ನೇ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಈ ಕಡೆ ಉಳಿಯಿತು. ಮಡಕಶಿರಾ ಆಗ ಅನಂತಪುರಕ್ಕೇ ಸೇರಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನಾವು ಎರಡೂ ಭಾಷೆಯ ಸುದ್ದಿ ನೋಡುತ್ತೇವೆ. ಬೆಂಗಳೂರಿನ ಚಾನೆಲ್ಲು "ನಮ್ಮ ರಾಜ್ಯದಲ್ಲಿ" ಅಂದರೆ ಆ ಮಾತಿನಲ್ಲಿ ನಾವಿಲ್ಲ. ತೆಲುಗು ಚಾನೆಲ್ಲಿನಲ್ಲಿ ನಮ್ಮ ಊರಿನ ಹೆಸರು ಬರಬೇಕಾದರೆ ಮನೆ ಬೀಳಬೇಕು, ಇಲ್ಲ ಯಾರಾದರೂ ಸಾಯಬೇಕು. ಎರಡು ಕಡೆಯ ಸುದ್ದಿ ನಮಗೆ ಪಾಠ ಆಗಿದೆ, ನಮ್ಮ ಸುದ್ದಿ ಯಾರಿಗೂ ಇಲ್ಲ. ಅಂದ ಮೇಲೆ ನಮ್ಮ ಸುದ್ದಿಯನ್ನು ನಾವೇ ಕೇಳಿಕೊಳ್ಳದಿದ್ದರೆ ಇನ್ಯಾರು ಕೇಳಬೇಕು? ಅಜ್ಜಿಯ ಗೋಡೆ ಬಿದ್ದದ್ದು ವಿಜಯವಾಡಕ್ಕೂ ತಿಳಿಯದು, ಬೆಂಗಳೂರಿಗೂ ತಿಳಿಯದು. ಸಾಲ ತೀರಿಸಲಾರದೆ ಒಬ್ಬ ರೈತ ಊಟ ಬಿಟ್ಟು ಮಂಕಾಗಿ ಕೂತಿದ್ದರೆ ಅದು ಮೊದಲು ತಿಳಿಯಬೇಕಾದ್ದು ಪಕ್ಕದ ಮನೆಗೆ. ಟಿ.ವಿ.ಗೆ ತಿಳಿಯೋದು ಎಲ್ಲ ಮುಗಿದ ಮೇಲೆ.

ಹಾಗಂತ ಕಂಡದ್ದಕ್ಕೆಲ್ಲ ಓಡೋದಕ್ಕೆ ಆಗುತ್ತದೆಯೇ? ಐವತ್ತು ಸುದ್ದಿಗೆ ಐವತ್ತು ಕೆಲಸ ಮಾಡೋದಾದರೆ ಹೊಲ ಉಳೋರು ಯಾರು? ಇದು ನ್ಯಾಯವಾದ ಮಾತು. ನನಗೆ ತೋಚಿದ ಉತ್ತರ ಇಷ್ಟು. ದೂರದ ಕಷ್ಟಕ್ಕೆ ಕೈ ಮುಟ್ಟದಿದ್ದರೆ, ಅಂಥದ್ದೇ ಕಷ್ಟ ಹತ್ತಿರದಲ್ಲಿ ಯಾರಿಗಿದೆ ಅಂತ ಹುಡುಕಬೇಕು. ಕದಿರಿಯಲ್ಲಿ ಕಟ್ಟಡ ಬಿದ್ದದ್ದು ಕಂಡರೆ ಎದ್ದು ಹೋಗಿ ನಮ್ಮ ಬೀದಿಯ ಹಳೇ ಮಾಳಿಗೆಗಳನ್ನು ನೋಡಬೇಕು, ಶಾಲೆಯ ಗೋಡೆ ನೋಡಬೇಕು. ಅಣೆಕಟ್ಟು ಒಡೆದದ್ದು ಕಂಡರೆ ನಮ್ಮ ಕೆರೆ ಕೋಡಿಯಲ್ಲಿ ಮುಳ್ಳುಗಿಡ ಬೆಳೆದು ನೀರಿಗೆ ಅಡ್ಡ ಇದೆಯೇ ನೋಡಬೇಕು. ದೆಹಲಿಯ ರೈತರನ್ನು ಕಂಡರೆ, ಪರ ಇರಲಿ ವಿರೋಧ ಇರಲಿ, ನಮ್ಮ ಕಡಲೆಕಾಯಿಗೆ ವಿಮೆ ಬರೆಸಿದವರು ಯಾರು, ಬಿಟ್ಟವರು ಯಾರು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡೋರು ಯಾರು ಅಂತ ಕೇಳಬೇಕು. ಐವತ್ತರಲ್ಲಿ ಒಂದು ಸುದ್ದಿಗೆ ಹೀಗೆ ಎದ್ದರೆ ಸಾಕು. ಉಳಿದ ನಲವತ್ತೊಂಬತ್ತಕ್ಕೆ ಒಂದು ನಮಸ್ಕಾರ ಹಾಕಿ ಟಿ.ವಿ. ಆರಿಸಿದರೆ ಪಾಪ ಇಲ್ಲ.

"ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಅನ್ನೋ ಮಾತು ಈಗ ಓದು ಬಾರದ ಅಜ್ಜಿಯರಿಗೂ ಗೊತ್ತು. ಆ ಮಾತು ಕೇಳಿದ ಕೂಡಲೇ ಕಣದಲ್ಲಿರೋದಕ್ಕೆ ತಾಟು ಹೊದಿಸಲು ಏಳುತ್ತಾರೆ. ನಮ್ಮ ಕಣಕ್ಕೆ ಏಳೋದು ಬರುತ್ತದೆ ಅಂದಮೇಲೆ ಪಕ್ಕದವರ ಕಣಕ್ಕೆ ಏಳೋದೂ ಬರುತ್ತದೆ, ಕಲಿಯಬೇಕಾದ್ದು ಹೊಸದೇನಿಲ್ಲ.

ಮೇಷ್ಟ್ರುಗಳಿಗೆ ಒಂದು ಕೋರಿಕೆ. ನಮ್ಮ ವಾಚನಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ ಇಡಿಸಿ. ಪೇಪರು, ಟಿ.ವಿ.ಯ ಮುಖ್ಯ ಸುದ್ದಿಗಳನ್ನು ಮಕ್ಕಳ ಕೈಲಿ ಒಂದು ಕಡೆ ಬರೆಸಿ. ಇನ್ನೊಂದು ಕಡೆ ಊರಿನದು ಬರೆಸಿ: ಯಾರಿಗೆ ಜ್ವರ, ಯಾರ ಎತ್ತು ಸತ್ತಿತು, ಯಾರ ಮನೆ ಸೋರುತ್ತಿದೆ. ಬರೆಯೋ ಮುಂಚೆ ಆ ಮನೆಯವರ ಒಪ್ಪಿಗೆ ಕೇಳಲಿ, ಕಷ್ಟವನ್ನೂ ಮಾನ ಉಳಿಸಿಕೊಂಡು ಹೇಳಬೇಕು. ಊರಿನ ಸುದ್ದಿಗೆ ಯಾರಾದರೂ ಹೋಗಿ ಕೈಲಾದ ಕೆಲಸ ಮಾಡಿ ಬಂದ ಮೇಲೆ ಆ ಸಾಲನ್ನು ಅಳಿಸಲಿ. ಅಳಿಸುವವರೆಗೂ ಅದು ಅಲ್ಲೇ ಇರಲಿ, ಹೋಗುವಾಗ ಬರುವಾಗ ಎಲ್ಲರ ಕಣ್ಣಿಗೂ ಬೀಳಲಿ.