ಒಣಗಿದ ಎಲೆಯೋ, ಮಲಗಿದ ಬೀಜವೋ?

ಗ್ರಂಥಾಲಯ ಬೆಳೆಯುವ ಜೀವಿ ಎಂದವರು ನಮ್ಮ ತಮಿಳುನಾಡಿನವರೇ ಆದ ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಇದು ಕೊನೆಯದು.

ಬಿ.ಎಸ್ಸಿ. ಓದಿದ ನನಗೆ ಇದು ಬರೀ ಹೋಲಿಕೆ ಅನ್ನಿಸುವುದಿಲ್ಲ. ಜೀವಿ ಬೆಳೆಯುವುದಷ್ಟೇ ಅಲ್ಲ, ಹಳೆಯದನ್ನು ಬಿಡುತ್ತಲೂ ಇರುತ್ತದೆ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಹೊಸದಕ್ಕೆ ಜಾಗ ಬಿಡುತ್ತವೆ. ಹೊಂಗೆ ಮರ ಎಲೆ ಉದುರಿಸಿಯೇ ಚಿಗುರುತ್ತದೆ. ಗ್ರಂಥಾಲಯವೂ ಹಳೆಯ ಪರೀಕ್ಷಾ ಗೈಡುಗಳನ್ನು, ಗೆದ್ದಲು ತಿಂದದ್ದನ್ನು ತೆಗೆಯಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ.

ಕಷ್ಟವಾಗುವುದು ಯಾರೂ ಕೇಳದ ಪುಸ್ತಕದ ವಿಷಯದಲ್ಲಿ. ತಮಿಳು, ತೆಲುಗು, ಕನ್ನಡ ಮೂರೂ ಇರುವ ನಮ್ಮಂಥ ಕಡೆ, ಎಷ್ಟು ಮಂದಿ ಒಯ್ದರು ಎಂಬ ಲೆಕ್ಕ ಹಿಡಿದರೆ ಮೊದಲು ಖಾಲಿಯಾಗುವುದು ಕನ್ನಡದ ಕಪಾಟೇ. ಲೆಕ್ಕ ಸುಳ್ಳಲ್ಲ. ಆದರೆ ಆ ಪುಸ್ತಕ ಒಣಗಿದ ಎಲೆಯೋ, ಮಲಗಿದ ಬೀಜವೋ ಎಂಬುದನ್ನು ಅದು ಹೇಳುವುದಿಲ್ಲ. ಮೃತ ಸಮುದ್ರದ ಬಳಿಯ ಮಸಾದ ಕೋಟೆಯನ್ನು ಅಗೆದಾಗ ಸಿಕ್ಕಿದ ಖರ್ಜೂರದ ಬೀಜಗಳನ್ನು ಯಾರೋ ಕಸವೆನ್ನದೆ ಎತ್ತಿಟ್ಟಿದ್ದರು. ಸುಮಾರು 2000 ವರ್ಷ ಹಳೆಯ ಆ ಬೀಜಗಳಲ್ಲಿ ಒಂದನ್ನು 2005ರಲ್ಲಿ ನೆಟ್ಟಾಗ ಮೊಳೆಯಿತು.

ಎಲ್ಲ ಬೀಜವೂ ಮೊಳೆಯುವುದಿಲ್ಲ, ನಿಜ. ಕನ್ನಡಕ್ಕೆ ಹಿಡಿದಿಟ್ಟ ಕಪಾಟು ತಮಿಳು ಓದುವ ಮಗುವಿಗೆ ಸಿಗದ ಕಪಾಟು, ಅದನ್ನೂ ಮರೆಯುವಂತಿಲ್ಲ. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎನ್ನುತ್ತದೆ ರಂಗನಾಥನ್ ಅವರ ಮೂರನೆಯ ಸೂತ್ರ. ಅವನು ಈ ವರ್ಷವೇ ಬರಬೇಕೆಂದು ಅದರಲ್ಲಿಲ್ಲ. ಹಾಗಾಗಿ ನನ್ನ ಮಟ್ಟಿಗೆ, ಅಂಗಡಿಯಲ್ಲಿ ಇಂದಿಗೂ ಸಿಗುವ ಪುಸ್ತಕ ಹೋದರೂ ಅಡ್ಡಿಯಿಲ್ಲ. ಬೇರೆಲ್ಲೂ ಸಿಗದ ಹಳೆಯ ಪ್ರಾರ್ಥನಾ ಪುಸ್ತಕ, ಹಿರಿಯರು ಅಂಚಿನಲ್ಲಿ ಪೆನ್ಸಿಲಿನಿಂದ ರಾಗ ಗುರುತು ಹಾಕಿಕೊಂಡ ಗೀತೆಗಳ ಪುಸ್ತಕ, ಇವನ್ನು ಯಾರೂ ಮುಟ್ಟದಿದ್ದರೂ ಇಟ್ಟುಕೊಳ್ಳೋಣ.