ಬದನೆಯ ಬೀಜ ಮತ್ತು ಗೃಹಸ್ಥನ ಅಹಿಂಸೆ

ಬದನೆಯನ್ನು ಬಹುಬೀಜವೆಂದು ಎಣಿಸಿ, ಅಭಕ್ಷ್ಯವೆಂದು ಬಿಟ್ಟಿರುವ ಶ್ರಾವಕರ ಮನೆಗಳು ಅನೇಕ. ಅದನ್ನು ತಿನ್ನುವ ಮನೆಗಳೂ ಇವೆ. ಅದು ಅವರವರ ನಿಯಮಕ್ಕೆ ಸೇರಿದ ವಿಷಯ. ನಾವಿಲ್ಲಿ ವಿಚಾರಿಸಬೇಕಾದುದು ಬೇರೊಂದು ಪ್ರಶ್ನೆ: ಹಿತ್ತಲಿನಲ್ಲಿ ನಾಟಿ ಬದನೆಯ ತಳಿಯೊಂದನ್ನು ಉಳಿಸಿಕೊಂಡು ಬರುವ ಗೃಹಸ್ಥನು ಆ ಗಿಡಕ್ಕೆ ಬೀಳುವ ಹುಳುವಿನ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು?

ತಳಿಯನ್ನು ಉಳಿಸುವುದು ಸಣ್ಣ ಕೆಲಸವಲ್ಲ. ಉಡುಪಿಯ ಸಮೀಪದ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಆ ತಳಿ ತಲೆಮಾರುಗಳಿಂದ ಬದುಕಿದ್ದು ಬೀಜವನ್ನು ಎತ್ತಿಟ್ಟ ಕೈಗಳಿಂದ. ಹೈಬ್ರಿಡ್ ಗಿಡದ ಬೀಜದಿಂದ ಅದೇ ಗುಣದ ಗಿಡ ಹುಟ್ಟುವುದಿಲ್ಲ. ನಾಟಿ ತಳಿಯಾದರೋ ತನ್ನ ಗುಣವನ್ನು ಮುಂದಿನ ಪೀಳಿಗೆಗೆ ಒಪ್ಪಿಸುತ್ತದೆ.

ಬದನೆಯ ಮುಖ್ಯ ಪೀಡೆ ಕುಡಿ ಮತ್ತು ಕಾಯಿ ಕೊರಕ. ಪತಂಗವು ಗಿಡದ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಎಳೆಯ ಕುಡಿಯನ್ನೂ ಬಳಿಕ ಕಾಯನ್ನೂ ಕೊರೆದು ಒಳಸೇರುತ್ತದೆ. ಒಳಸೇರಿದ ಹುಳುವಿಗೆ ಔಷಧ ತಾಗುವುದು ಕಷ್ಟವಾದುದರಿಂದ ಮತ್ತೆ ಮತ್ತೆ ಸಿಂಪಡಿಸುವ ರೂಢಿ ಬೆಳೆಯಿತು. ಈ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ರೂಪಿಸಿದ್ದು ಬಿಟಿ ಬದನೆ. ಕೇಂದ್ರ ಸರ್ಕಾರವು 2010ರ ಫೆಬ್ರುವರಿ 9ರಂದು ಅದಕ್ಕೆ ತಡೆ ಹೇರಿದಾಗ, ಭಾರತವು ಬದನೆಯ ತಳಿವೈವಿಧ್ಯದ ನೆಲೆ ಎಂಬುದೂ ವಿಚಾರಕ್ಕೆ ಬಂದಿತ್ತು.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು. ಅವುಗಳಲ್ಲಿ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಹೊಲವನ್ನೇ ನಂಬಿ ಬದುಕುವ ರೈತನಿಗೆ ಉದ್ಯೋಗದ ಅನಿವಾರ್ಯತೆಯಿದೆ. ಹಿತ್ತಲಿನಲ್ಲಿ ನಾಲ್ಕು ಗಿಡ ಬೆಳೆಸುವವನಿಗೆ ಆ ಆಸರೆಯಿಲ್ಲ. ಕಾಯಿ ಹುಳುಕಾದರೆ ಅವನ ಒಲೆಯೇನೂ ಆರುವುದಿಲ್ಲ. ಹುಳು ಕಾಣುವ ಮೊದಲೇ ವಿಷ ಸಿಂಪಡಿಸುವವನು ಅದನ್ನು ವಿರೋಧೀ ಹಿಂಸೆಯೆಂದೂ ಹೇಳಲಾರ; ವಿರೋಧಿಯೇ ಇನ್ನೂ ಬಂದಿಲ್ಲ. ಆದುದರಿಂದ ಈ ವಿಷಯದಲ್ಲಿ ಹಿತ್ತಲಿನವನ ಹೊಣೆಯು ರೈತನ ಹೊಣೆಗಿಂತ ಹೆಚ್ಚಿನದು.

ಹಾಗಾದರೆ ಅವನು ಮಾಡಬೇಕಾದುದೇನು? ಬೀಜಕ್ಕೆಂದು ಆರಿಸಿದ ಒಂದೆರಡು ಗಿಡಗಳಿಗೆ ಪತಂಗ ಬರುವ ಮೊದಲೇ ತೆಳುವಾದ ಬಲೆಯನ್ನು ಹೊದಿಸಬಹುದು. ಬದನೆಯ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಮೆಲ್ಲನೆ ಅಲುಗಾಡಿಸಿದರೆ ಇನ್ನೂ ಒಳ್ಳೆಯದು. ಬೇರೆ ತಳಿಯ ಪರಾಗವನ್ನು ಜೇನು ತಾರದಿರುವುದರಿಂದ ತಳಿಯೂ ಶುದ್ಧವಾಗಿರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಗೆ ಈ ವಿವೇಕ ಹೊಸತಲ್ಲ: ಜೀವಿಯನ್ನು ಕೊಲ್ಲದೆ ದೂರವಿರಿಸುವುದೇ ಎರಡರ ಉದ್ದೇಶ. ಕಳೆದ ಬಾರಿ ಬದನೆಯಿದ್ದ ಪಾತಿಯನ್ನು ಮಾತ್ರ ಬಿಡಬೇಕು. ಅಲ್ಲಿಯ ತರಗೆಲೆಗಳಲ್ಲಿ ಕೋಶವಾಗಿದ್ದ ಹುಳು ಬಲೆಯೊಳಗೇ ಪತಂಗವಾದೀತು.

ಮಿಕ್ಕ ಗಿಡಗಳಲ್ಲಿ ನಷ್ಟವನ್ನು ಸಹಿಸುವುದೇ ಸಂಯಮ. ಆದರೆ ಪಕ್ಕದಲ್ಲಿಯೇ ರೈತನ ಬದನೆಯ ಹೊಲವಿದ್ದರೆ, ನಮ್ಮ ದಯೆಯ ಬೆಲೆಯನ್ನು ಅವನು ತೆರಬೇಕಾದೀತು. ಪರರ ಖರ್ಚಿನಲ್ಲಿ ಆಚರಿಸುವ ಅಹಿಂಸೆ ಅಪೂರ್ಣ. ಅಲ್ಲಿ ಎಲ್ಲ ಗಿಡಗಳಿಗೂ ಬಲೆ ಬೇಕು, ಇಲ್ಲವೇ ಬೇಸಾಯವನ್ನೇ ಬಿಡಬೇಕು. ನೆಲವನ್ನು ಅಗೆದಾಗಲೇ ಎಷ್ಟೋ ಜೀವಗಳಿಗೆ ನೋವಾಗಿರುವುದರಿಂದ ನಿರ್ದೋಷಿಯೆಂಬ ಹೆಮ್ಮೆಗೂ ಇಲ್ಲಿ ಎಡೆಯಿಲ್ಲ.

ಬೀಜಕ್ಕಾಗಿ ಬಿಡಬೇಕಾದುದು ಅಳಿದುಳಿದ ಕಾಯನ್ನಲ್ಲ, ಗಿಡದ ಅತ್ಯುತ್ತಮ ಕಾಯನ್ನು. ಅದು ಹಳದಿಗೆ ತಿರುಗಿ ತಿನ್ನಲು ಬಾರದಂತಾದ ಮೇಲೆಯೇ ಬೀಜ ಬಲಿಯುತ್ತದೆ. ಬದನೆಯನ್ನು ತಿನ್ನದವನೂ ಈ ಕೆಲಸ ಮಾಡಬಹುದು; ಅವನಲ್ಲಿ ನಾಲಗೆಯ ಸ್ವಾರ್ಥವೂ ಇರದು. ಒಂದು ಕಾಯಿಯ ನೂರಾರು ಬೀಜಗಳು ಒಂದು ಹಿತ್ತಲಿಗೆ ಬೇಕಾಗುವುದಿಲ್ಲ. ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಹಂಚಿದವನಿಗೆ ಬೀಜಸಂಗ್ರಹವು ಪರಿಗ್ರಹವಾಗುವುದಿಲ್ಲ, ದಾನವಾಗುತ್ತದೆ.