ಒಪ್ಪದವರ ಜೊತೆ ಒಂದಾಗುವುದು

ರಾಜ್ಯಗಳು ಕೂಡುವುದನ್ನು ನಾವು ನಕ್ಷೆಯಲ್ಲಿ ನೋಡುತ್ತೇವೆ. ಕೂಡಿದ ಬಗೆಯನ್ನು ಕೇಳುವುದು ಕಡಿಮೆ. ಕರ್ನಾಟಕದ ಕಥೆಯಲ್ಲೇ ಎರಡು ಬಗೆಗಳಿವೆ.

ಕಲಬುರಗಿ, ಬೀದರ್, ರಾಯಚೂರುಗಳಿದ್ದ ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿದ್ದು ಸೇನೆ ಒಳಹೊಕ್ಕ ಮೇಲೆ. ರಜಾಕಾರರ ಹಾವಳಿಗೆ ಅದು ಕೊನೆ ಹಾಡಿತು, ನಿಜ. ಆದರೆ ಅದರ ಬೆನ್ನಿಗೇ ಸಾವಿರಾರು ಮುಸ್ಲಿಮರು ಕೊಲೆಯಾದರು. ಅದನ್ನು ದಾಖಲಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು.

1956ರ ನವೆಂಬರ್ 1ರ ಏಕೀಕರಣ ಬೇರೆ ಬಗೆಯದು. ವರಮಾನ ಹಂಚಿಹೋಗುತ್ತದೆ, ಅಧಿಕಾರ ಕೈತಪ್ಪುತ್ತದೆ ಎಂದು ಹಳೇ ಮೈಸೂರಿನ ಅನೇಕರು ಅದನ್ನು ವಿರೋಧಿಸಿದ್ದರು. ಕೆಂಗಲ್ ಹನುಮಂತಯ್ಯನವರು ಅವರೊಡನೆ ವಾದಿಸಿದರು. ಸೋತವರು ತಮ್ಮ ಮಾತು ಬಿಡದೆಯೂ ಹೊಸ ರಾಜ್ಯದಲ್ಲಿ ಬಾಳಿದರು. ನನಗೆ ಅಹಿಂಸೆ ಕಾಣುವುದು ಇಲ್ಲಿ. ಗುಂಡು ಹಾರಲಿಲ್ಲ ಎಂಬುದಷ್ಟೇ ಸಾಲದು. ಒಪ್ಪದವನಿಗೆ ಭಯವಿಲ್ಲದೆ ಬಾಳಲು ಜಾಗ ಉಳಿಯಬೇಕು.

ರಾಜ್ಯಗಳ ಗಡಿ ಬದಲಿಸಿದ ಸಂವಿಧಾನದ ಏಳನೇ ತಿದ್ದುಪಡಿಯೇ 350ಎ ವಿಧಿಯನ್ನೂ ತಂದಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ರಾಜ್ಯಗಳು ಏರ್ಪಾಡು ಮಾಡಬೇಕು. ಗೆರೆ ಎಳೆದ ಕೈಯೇ ಗೆರೆಯಾಚೆ ಉಳಿದವರನ್ನೂ ನೆನೆದಿತ್ತು.

ನಾವು ನೆನೆಯುತ್ತೇವೆಯೇ? 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು; ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಆಗ ಡೊಂಬಿವಲಿ, ಕಲ್ಯಾಣ, ಠಾಣೆಯ ನಮ್ಮಂಥವರು ನೆರೆಯವರೊಡನೆ ಆ ಮಾತು ಬರದಂತೆ ನೋಡಿಕೊಂಡೆವು. ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಗುಡುಗಿದೆವು.

ಬೆಳಗಾವಿಯ ಮರಾಠಿಗರೂ ನಮ್ಮ ಹಾಗೆಯೇ ಎಂದು ಸುಲಭವಾಗಿ ಹೇಳಿಬಿಡಬಹುದು. ಅದು ಪೂರ್ತಿ ಸರಿಯಲ್ಲ. ನಾವು ಕೆಲಸ ಹುಡುಕಿ ರೈಲು ಹತ್ತಿ ಬಂದವರು. ಅವರು ಕೂತಲ್ಲೇ ಇದ್ದರು, ರಾಜ್ಯ ಬದಲಾಯಿತು. ಜತ್, ಅಕ್ಕಲಕೋಟೆಯ ಕನ್ನಡಿಗರ ಪಾಡೂ ಅದೇ. ಹಾಗಾಗಿ ಅವರೆಲ್ಲರ ಹಕ್ಕು ನಮ್ಮದಕ್ಕಿಂತ ಒಂದು ತೂಕ ಹೆಚ್ಚೇ.

ಬೆಳಗಾವಿ ಕರ್ನಾಟಕದ್ದು ಎಂಬ ಮಾತನ್ನು ನಾನೂ ಬಿಡುವುದಿಲ್ಲ. ಮಹಾಜನ ವರದಿ ಅದನ್ನೇ ಹೇಳಿದೆ. ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಆದರೆ ನೆಲ ನಮ್ಮದು ಎನ್ನುವವರು ಅಲ್ಲಿಯ ಜನರನ್ನೂ ನಮ್ಮವರು ಎನ್ನಬೇಕು, ಅವರು ಹಾಗೆ ಒಪ್ಪದಿದ್ದಾಗಲೂ. ಜತ್‌ನ ಕನ್ನಡ ಶಾಲೆಗೆ ಮೇಷ್ಟ್ರು ಬೇಕು ಎಂದು ಕೇಳುವ ನಾವು ಬೆಳಗಾವಿಯ ಮರಾಠಿ ಶಾಲೆಗೂ ಅದನ್ನೇ ಕೇಳಬಲ್ಲೆವೇ? ಹಾಗೆ ಕೇಳುವವರೆಗೆ ನಮ್ಮ ಏಕೀಕರಣ ಅರ್ಧವೇ.